ನಾದಿನಿಯ ಇಂಜೆಕ್ಷನ್ನು

ನನಗೂ ನನ್ನ ನಾದಿನಿ ಸಿರ್ಕಾಗೂ ಒಂದೇ ವಸಂತದಲ್ಲಿ ಸಂಧಿವಾತ ಬಂತು. ಅವಳು ಸ್ವೀಡನ್ನಿಗೆ ಮದುವೆಯಾಗಿ ಹೋದವಳು. ನಾನು ಫಿನ್ಲೆಂಡಿನಲ್ಲೇ ಉಳಿದವಳು. ರೋಗದಲ್ಲಾದರೂ ಸಮಾನತೆ ಬಂತಲ್ಲ ಎಂದುಕೊಂಡೆ.

ಮೊದಮೊದಲು ಗೆಲುವು ನನ್ನದೇ. ಅಲ್ಲಿನ ಡಾಕ್ಟರು ಅವಳಿಗೆ ವಾರಕ್ಕೊಮ್ಮೆ ನುಂಗುವ ಒಂದೇ ಔಷಧ ಕೊಟ್ಟರು. ಇಲ್ಲಿ ನನಗೆ ಅದೂ ಸೇರಿ ಮೂರು, ಮೇಲೊಂದು ಪುಟ್ಟ ಸ್ಟೀರಾಯ್ಡ್ ಗುಳಿಗೆ. (ಐಸ್ ಹಾಕಿಯಲ್ಲಿ ಸ್ವೀಡನ್ನನ್ನು ಸೋಲಿಸಿದಷ್ಟೇ ಸುಖ.)

ಆಗಸ್ಟಿನಲ್ಲಿ ಅವಳ ಫೋನು ಬಂತು. "ಐಲಾ, ನಂಗೀಗ ಹೊಸಾ ಇಂಜೆಕ್ಷನ್ ಕೊಟ್ಟಿದಾರೆ. ಪೆನ್ನಿನ ಥರ ಇದೆ. ಫ್ರಿಜ್ಜಲ್ಲೇ ಇಡಬೇಕು. ಊರಿಗೆ ಹೋಗುವಾಗ ತಣ್ಣಗೆ ಇಟ್ಕೊಳೋಕೆ ಅಂತ ನೀಲಿ ಚೀಲಾನೂ ಕೊಟ್ರು."

ಚೀಲ ಬೇರೆ! ಅಂದಿನಿಂದ ಗುಳಿಗೆಗಳು ನನ್ನ ಗಂಟಲಲ್ಲಿ ಇಳಿಯಲೊಲ್ಲವು.

"ನಂಗೂ ಅದೇ ಬೇಕು," ಎಂದೆ ಗಂಡ ತೌನೊಗೆ.

"ಮಾತ್ರೆ ಕೆಲಸ ಮಾಡದೇ ಇದ್ರೆ ಕೊಡೋದದು. ನಿಂಗೆ ಮಾಡ್ತಿದೆಯಲ್ಲ?"

"ಮಾಡ್ತಿಲ್ಲ ಅಂತ ಹೇಳ್ತೀನಿ."

"ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಾಗುತ್ತೆ."

"ಟೋಪಿ ಹಾಕ್ಕೊಂಡು ಹೋಗ್ತೀನಿ."

ಡಾಕ್ಟರ ಬಳಿ ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ರೈ ಧಾನ್ಯದ ಹಿಟ್ಟು ಲಟ್ಟಿಸಿ, ಹಾಲಿನಲ್ಲಿ ಬೇಯಿಸಿದ ಅನ್ನ ತುಂಬಿ, ಅಂಚಿಗೆ ಸಣ್ಣ ಸಣ್ಣ ನಿರಿಗೆ ಹಿಡಿದು, ನಮ್ಮ ಕರೇಲಿಯ ಸೀಮೆಯ ಕಡುಬು ಮಾಡಿ ಒಯ್ದೆ.

"ಮುಷ್ಟಿ ಕಟ್ಟೋಕೇ ಆಗ್ತಿಲ್ಲ ಡಾಕ್ಟ್ರೇ. ಗುಂಡಿ ಹಾಕೋಕೂ ಗಂಡನೇ ಬೇಕು."

ಡಾಕ್ಟರಮ್ಮ ಒಂದೊಂದೇ ಗೆಣ್ಣು ಒತ್ತಿದರು. ನಾನು ಶ್ರದ್ಧೆಯಿಂದ ನರಳಿದೆ. ಆಮೇಲೆ ಅವರು ಒಂದು ಕಡುಬನ್ನೆತ್ತಿ ಬೆಳಕಿಗೆ ಹಿಡಿದರು.

"ಎಂಥಾ ನಿರಿಗೆ. ನಮ್ಮಜ್ಜಿ ಕೈಲೂ ಇಷ್ಟು ಸಣ್ಣಕ್ಕೆ ಆಗ್ತಿರ್ಲಿಲ್ಲ. ನಿಮ್ಮ ಗಂಡ ಮಾಡಿದ್ದಾ?"

ಹೌದು ಎಂದರೆ ಪೆನ್ನು ನನ್ನದು. ಆದರೆ ಕರೇಲಿಯದ ಹೆಂಗಸು ತನ್ನ ನಿರಿಗೆಯನ್ನು ಗಂಡನ ಹೆಸರಿಗೆ ಬರೆದುಕೊಡುವುದುಂಟೆ? ಅದೂ ಮೊಟ್ಟೆ ಬೇಯಿಸಲೂ ಬಾರದ ತೌನೊನ ಹೆಸರಿಗೆ?

"ಇಲ್ಲ, ನಾನೇ," ಎಂದೆ. "ಇವತ್ತು ಬೆಳಿಗ್ಗೆ."

"ಹಾಗಾದ್ರೆ ಔಷಧ ಚೆನ್ನಾಗಿ ಹಿಡಿದಿದೆ. ಸ್ಟೀರಾಯ್ಡ್ ಮೆಲ್ಲಗೆ ಇಳಿಸಿ ನಿಲ್ಲಿಸೋಣ."

ಪೆನ್ನು ತರಲು ಹೋದವಳು ಇದ್ದ ಗುಳಿಗೆಯನ್ನೂ ಕಳೆದುಕೊಂಡು ಬಂದೆ.

ತೌನೊ ಎಲ್ಲ ಕೇಳಿ, ಮನೆಯ ಹಾಸುಗಂಬಳಿಗಳನ್ನು ಸುತ್ತಿಕೊಂಡು ನನ್ನನ್ನು ಸರೋವರದ ದಡದ ಒಗೆಯುವ ಕಟ್ಟೆಗೆ ಕರೆದೊಯ್ದ. ನನ್ನ ಕೈ ನೋವೆಂದು ಬೇಸಿಗೆಯೆಲ್ಲ ಅವನ್ನು ತಿಕ್ಕಿದವನು ಅವನೇ. ಈಗ ಬ್ರಷ್ಷು ನನ್ನ ಕೈಗೆ ಬಂತು. ಅವನು ಬೆಂಚಿನಲ್ಲಿ ಕುಳಿತು ತಂಗಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಐಲಾ ಕಂಬಳಿ ತಿಕ್ತಾ ಇದಾಳೆ ಕಣೇ."

"ಕಂಬಳಿನಾ?" ಸಿರ್ಕಾಳ ದನಿ ಇಳಿಯಿತು. "ನಂಗಿನ್ನೂ ಕಪ್ ಎತ್ತೋಕಾಗಲ್ಲ. ಅವಳ ಅದೃಷ್ಟ ನೋಡು."

ಆ ದನಿಯೊಳಗಿನ ಉರಿ ನನಗೆ ಚೆನ್ನಾಗಿ ಪರಿಚಯವಿತ್ತು. ಸೊಂಟ ನೋಯುತ್ತಿದ್ದರೂ, ಇನ್ನೆರಡು ಕಂಬಳಿ ತಂದುಕೊಡಲು ತೌನೊಗೆ ನಾನೇ ಹೇಳಿದೆ, ಫೋನಿಗೆ ಕೇಳಿಸುವಷ್ಟು ಜೋರಾಗಿ.