ಜನವರಿಯಲ್ಲಿ ಪಾರಣೆ

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂಬ ಗಾದೆಯನ್ನು ನಮ್ಮಲ್ಲಿ ಬೈಯುವುದಕ್ಕೆ ಬಳಸುತ್ತಾರೆ. ನಾನೂ ಹಾಗೇ ಬಳಸುತ್ತಿದ್ದೆ. ಆದರೆ ಒಮ್ಮೆ ನಾನೇ ಜಗತ್ತಿಗೆ ಒಂದು ಎಮ್ಮೆಯನ್ನು ದಾನ ಕೊಟ್ಟೆ. ಎಲ್ಲೆಲ್ಲಿಂದಲೋ ಜನ ಬಂದು ಅದರ ಹಲ್ಲು ಹಿಡಿದು ನೋಡಿದರು. ನೋಡಿ ಸುಮ್ಮನೆ ಹೋಗಲಿಲ್ಲ ಸ್ವಾಮಿ, ಹುಳುಕು ಹಲ್ಲು ಕಿತ್ತು, ಮೈತೊಳೆದು, ಮೇವು ಹಾಕಿ ಹೋದರು! ಅಂದಿನಿಂದ ಆ ಗಾದೆ ನನ್ನ ಬಾಯಿಗೆ ಬರುವುದಿಲ್ಲ.

ನಾನು ಬಾಗಲಕೋಟೆಯವನು. ಬ್ಯಾಂಕಿನ ಕಂಪ್ಯೂಟರ್ ವಿಭಾಗದ ನೌಕರಿ. ವರ್ಗವಾಗಿ ನಾಸಿಕ್ ರೋಡಿಗೆ ಬಂದಿದ್ದೆ. ಜೊತೆಗೆ ಹೆಂಡತಿ ಸುಧಾ ಮತ್ತು ಅವ್ವ. ಅವ್ವ ಏಕಾದಶಿ ಮಾಡುವವಳು. ಮಾಡುವುದೆಂದರೆ ತೊಟ್ಟು ನೀರೂ ಇಲ್ಲ. ಪಕ್ಕದ ಮನೆಯ ಮರಾಠಿ ಕಾಕೂ ಕೂಡ ಏಕಾದಶಿಯವರೇ, ಆದರೆ ಅವರದು ಸಾಬೂದಾಣಿ ಖಿಚಡಿ, ಶೇಂಗಾ ಲಾಡು, ಬಟಾಟೆ ಪಲ್ಯದ ಏಕಾದಶಿ. ‘ಏಕಾದಶೀ, ದುಪ್ಪಟ್ ಖಾಶೀ’ ಎಂದು, ಅಂದರೆ ಉಪವಾಸದ ದಿನವೇ ಎರಡು ಪಟ್ಟು ತಿನ್ನುವುದೆಂದು, ತಮ್ಮನ್ನೇ ನಗೆಯಾಡಿಕೊಂಡು ಬಟ್ಟಲು ತುಂಬ ಕಳಿಸುತ್ತಿದ್ದರು. ಆ ವ್ರತವನ್ನು ನಮ್ಮ ಮನೆಯಲ್ಲಿ ನಾನು ಶ್ರದ್ಧೆಯಿಂದ ಪಾಲಿಸುತ್ತಿದ್ದೆ. ತೊಂದರೆ ಏನೆಂದರೆ, ಕೆಲವು ತಿಂಗಳು ಅವರ ಏಕಾದಶಿಗೂ ನಮ್ಮ ಏಕಾದಶಿಗೂ ಒಂದು ದಿನ ಹೆಚ್ಚುಕಡಿಮೆ. ಅದಕ್ಕೆ ಯುಗಾದಿಗೆ ಊರಿನಿಂದ ಪಂಚಾಂಗ ತರಿಸುತ್ತಿದ್ದೆವು. ಆ ವರ್ಷ ತರಬೇಕಾದ ನನ್ನ ಚಿಕ್ಕಪ್ಪನ ಮಗ ಅದನ್ನು ಬಸ್ಸಿನಲ್ಲೇ ಬಿಟ್ಟು, ತಾನು ಮಾತ್ರ ಇಳಿದು ಬಂದ. ಏಕಾದಶಿಯ ದಿನ ತಿಳಿಯದೆ ಉಂಡುಬಿಟ್ಟರೆ ಏನು ಗತಿ ಎಂದು ಅವ್ವ ದಿನವೂ ಹೆದರಿ ತಟ್ಟೆಯ ಮುಂದೆ ಕೂಡತೊಡಗಿದಳು.

ಕಡೆಗೆ ನಾನೇ ಒಂದು ಪ್ರೋಗ್ರಾಂ ಬರೆದೆ. ಊರಿನ ಹೆಸರು ಕೊಟ್ಟರೆ ಅಲ್ಲಿನ ಸೂರ್ಯೋದಯ ಲೆಕ್ಕ ಹಾಕಿ ಏಕಾದಶಿ ಯಾವತ್ತು, ಮರುದಿನ ಉಪವಾಸ ಬಿಡುವ ಪಾರಣೆ ಎಷ್ಟು ಹೊತ್ತಿಗೆ ಎಂದು ಹೇಳುತ್ತಿತ್ತು. ಕಂಪ್ಯೂಟರನ್ನು ಡಬ್ಬಿ ಎಂದೇ ಕರೆಯುವ ಅವ್ವ ಬೇರೆ ಗತಿಯಿಲ್ಲದೆ ಒಪ್ಪಿಕೊಂಡಳು. ಆ ಹುರುಪಿನಲ್ಲಿ ಅದನ್ನು ಇಂಟರ್‌ನೆಟ್ಟಿನ ಒಂದು ಸಾರ್ವಜನಿಕ ಭಂಡಾರಕ್ಕೆ ಹಾಕಿದೆ. ಅಲ್ಲಿ ಯಾರು ಬರೆದದ್ದನ್ನು ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ತಿದ್ದಿದ್ದನ್ನು ವಾಪಸು ಕೊಡಬಹುದು. ಓಪನ್ ಸೋರ್ಸ್ ಎನ್ನುತ್ತಾರೆ. ಯಾರು ಒಯ್ಯುತ್ತಾರೆ ಬಿಡು ಅಂದುಕೊಂಡಿದ್ದೆ. ವಾರ ಕಳೆಯುವಷ್ಟರಲ್ಲಿ ಬ್ರೆಜಿಲ್ ದೇಶದ ಒಬ್ಬ ಪುಣ್ಯಾತ್ಮ ನನ್ನ ಭಾಗಾಕಾರದ ತಪ್ಪೊಂದನ್ನು ತಿದ್ದಿ ಕಳಿಸಿದ. ಏಕಾದಶಿ ಎಂದರೆ ಏನೆಂದು ಅವನಿಗೆ ಗೊತ್ತೇ ಇರಲಿಲ್ಲ. ಲೆಕ್ಕ ತಪ್ಪಿದ್ದು ಕಂಡಿತು, ತಿದ್ದಿದೆ, ಅಷ್ಟೇ ಎಂದ. ನಾಸಿಕ್ ಬಳಿಯ ತ್ರ್ಯಂಬಕದ ಬೆಟ್ಟದ ಮೇಲೆ ನೂಲಿನಷ್ಟು ಸಣ್ಣಗೆ ತೊಟ್ಟಿಕ್ಕುವ ನೀರನ್ನು ತೋರಿಸಿ ಇದೇ ಗೋದಾವರಿ ಎಂದಾಗ ಹೇಗೆ ಬಾಯಿ ತೆರೆದು ನಿಂತಿದ್ದೆನೋ, ಆವತ್ತೂ ಹಾಗೇ ಕೂತೆ. ಸುಧಾ ಬಂದು, ‘ಏನಾತ್ರಿ, ಬ್ಯಾಂಕಿನಾಗ ಏನರ ಗಡಬಡ ಆತೇನು?’ ಎಂದು ಗಾಬರಿಯಿಂದ ಕೇಳಿದಳು.

ಆ ವರ್ಷ ನವೆಂಬರ್ ಕೊನೆಯ ಏಕಾದಶಿ. ಅವ್ವ ಉಪವಾಸವಿದ್ದಳು. ಸಂಜೆ ಭಂಡಾರದಲ್ಲಿ ಹೊಸ ದೂರು ಬಂದಿತ್ತು. ಬರೆದವಳು ವೀಣಾ. ತವರು ಔರಂಗಾಬಾದ್, ಈಗ ಜನ ಸಂಭಾಜಿನಗರ ಅನ್ನುವ ಊರು. ಅಲ್ಲಿ ಅವಳ ತಂದೆಯದು ಉಡುಪಿ ಹೋಟೆಲು. ಮದುವೆಯಾಗಿ ನಾರ್ವೆಯ ಉತ್ತರದ ತುದಿಯಲ್ಲಿದ್ದಳು. ಓದಿದ್ದು ಮೀನುಗಳ ಬಗ್ಗೆ. ಅದನ್ನು ಅವ್ವನಿಗೆ ನಾನು ಇವತ್ತಿಗೂ ಹೇಳಿಲ್ಲ. ದೂರು ಇಷ್ಟೇ: ‘ಇಲ್ಲಿ ಇನ್ನು ಸುಮಾರು ಎರಡು ತಿಂಗಳು ಸೂರ್ಯ ಹುಟ್ಟುವುದಿಲ್ಲ. ಇವತ್ತಿನ ಏಕಾದಶಿಗೆ ನಿಮ್ಮ ಪ್ರೋಗ್ರಾಂ ಜನವರಿಯಲ್ಲಿ ಪಾರಣೆ ಮಾಡು ಅನ್ನುತ್ತದೆ. ಅಷ್ಟು ದಿನ ತಡೆದೇನೆಂದು ನನಗನ್ನಿಸುವುದಿಲ್ಲ.’

ಸೂರ್ಯ ಹುಟ್ಟದ ಊರು! ಬಾಗಲಕೋಟೆಯ ಬಿಸಿಲುಂಡು ಬೆಳೆದವನಿಗೆ ಅಂಥದ್ದು ಹೊಳೆಯುವುದಾದರೂ ಹೇಗೆ? ನನ್ನ ಪ್ರೋಗ್ರಾಂ ಪಾಪ, ನಾಳೆ ಹುಟ್ಟಿಯಾನು, ನಾಡಿದ್ದು ಹುಟ್ಟಿಯಾನು ಎಂದು ದಿನ ದೂಡುತ್ತ ಜನವರಿಗೆ ಹೋಗಿ ಮುಟ್ಟಿತ್ತು. ಈ ಚೋದ್ಯವನ್ನು ನಗುತ್ತ ಅವ್ವನ ಮುಂದೆ ಹೇಳಿದೆ. ಅದೇ ತಪ್ಪಾಯಿತು.

ಮರುದಿನ ದ್ವಾದಶಿ ಬೇಗ ಮುಗಿಯುವುದಿತ್ತು. ಅಷ್ಟರೊಳಗೆ ಅವ್ವ ಪಾರಣೆ ಮಾಡಬೇಕು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಸುಧಾ ನಸುಕಿನಲ್ಲೇ ಅಡುಗೆ ಮಾಡಿ ಎಲೆ ಹಾಕಿದ್ದಳು. ಅವ್ವ ಎಲೆಯ ಮುಂದೆ ಬಂದು ಕೂತಳು, ಅನ್ನಕ್ಕೆ ಕೈ ಮಾತ್ರ ಹಚ್ಚಲಿಲ್ಲ.

‘ಆ ಹುಡುಗಿ ಉಂಡಳೇನೋ?’ ಎಂದಳು.

ಗೊತ್ತಿಲ್ಲ ಎಂದೆ. ಆಕೆ ಜಾಣೆ, ಹೇಗೋ ಉಣ್ಣುತ್ತಾಳೆ ಎಂದೆ.

‘ನಿನ್ನ ಡಬ್ಬಿ ನಂಬಿ ಅಕಿ ಉಪಾಸ ಕೂತಾಳ. ಅಕಿ ಉಣ್ಣೂ ತನಕಾ ನನಗ ತುತ್ತು ಇಳಿಯೂದಿಲ್ಲ.’

ಸುಧಾ ಬೇಡಿಕೊಂಡಳು, ಕಾಕೂ ಬಂದು ಮರಾಠಿಯಲ್ಲಿ ಬುದ್ಧಿ ಹೇಳಿದರು. ಅವ್ವ ಅಲುಗಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಕಂಪ್ಯೂಟರ್ ಮುಂದೆ ಕೂತೆ, ತಲೆ ಓಡಲಿಲ್ಲ. ಸೂರ್ಯನಿಲ್ಲದ ಕಡೆ ಸೂರ್ಯನನ್ನು ಎಲ್ಲಿಂದ ತರಲಿ? ಒಳಗಿನಿಂದ ಅವ್ವನೇ ಕೇಳಿದಳು, ಅವಳ ತವರುಮನೆ ಯಾವ ಊರು ಎಂದು. ಔರಂಗಾಬಾದ್ ಎಂದೆ.

‘ಅಲ್ಲೆ ಹುಟ್ಟತಾನಲ್ಲೋ ಸೂರ್ಯ? ಗಂಡನ ಮನ್ಯಾಗ ಇಲ್ಲದ್ದು ತವರಿಂದ ತರಸ್ಕೋಬೇಕು. ತವರಿನ ಸೂರ್ಯನ್ನ ನೋಡಿ ಉಣ್ಣಂತ ಹೇಳು.’

ಹಾಗೇ ಬರೆದೆ. ಸೂರ್ಯ ಹುಟ್ಟದಿದ್ದರೆ ತವರಿನ ಸೂರ್ಯೋದಯ ಹಿಡಿ ಎಂದು ಒಂದೆರಡು ಸಾಲು ಸೇರಿಸಿ ಭಂಡಾರಕ್ಕೆ ಹಾಕಿ, ಇದು ನನ್ನ ಅವ್ವನ ಉಪಾಯ, ನೀನು ಉಣ್ಣುವ ತನಕ ಅವಳೂ ಉಣ್ಣಳಂತೆ ಎಂದು ವೀಣಾಳಿಗೆ ತಿಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು; ಅಲ್ಲಿ ಇನ್ನೂ ಅಪರಾತ್ರಿ, ಹಸಿವೆಗೆ ಅವಳಿಗೆ ನಿದ್ದೆ ಹತ್ತಿರಲಿಲ್ಲವೇನೋ. ಮೊಸರನ್ನ ಉಂಡೆ, ಅಜ್ಜಿಗೆ ನಮಸ್ಕಾರ ತಿಳಿಸಿ ಎಂದಿದ್ದಳು. ಓದಿ ಹೇಳಿದೆ. ಅವ್ವ ಕೈಗೆ ನೀರು ತೆಗೆದುಕೊಂಡಳು. ನನ್ನ ಕಣ್ಣು ತುಂಬಿದ್ದು ಪಾರಣೆಯ ಅಗಸೆಸೊಪ್ಪಿನ ಒಗ್ಗರಣೆಯ ಘಾಟಿಗೆ ಎಂದು ಸುಧಾಳಿಗೆ ಹೇಳಿದೆ, ಅವಳು ನಂಬಲಿಲ್ಲ.

ಆಮೇಲೆ ಬ್ರೆಜಿಲಿನವನು ಬಂದು, ತವರು ಅಂದರೆ ಏನು ಎಂದು ಕೇಳಿದ. ಎಷ್ಟೇ ದೂರ ಹೋದರೂ ಕಷ್ಟಕ್ಕೆ ನೆನಪಾಗುವ ಮನೆ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಯಾರ ತವರು ಯಾವುದೋ ಅವರೇ ತುಂಬಿಕೊಳ್ಳುವ ಹಾಗೆ ಅದನ್ನು ಚೆಂದಾಗಿ ತಿದ್ದಿಕೊಟ್ಟು, ಇದು ಎಲ್ಲರಿಗೂ ಬೇಕಾದದ್ದೇ ಎಂದ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವನ ಒಂದು ಮಾತು ಈಗ ನಾನು ಕಾಣದ ಊರುಗಳ ಕಂಪ್ಯೂಟರುಗಳಲ್ಲಿ ಓಡುತ್ತಿದೆ. ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಆದರೆ ಅವ್ವನಿಗೆ ನನ್ನ ಡಬ್ಬಿಯ ಮೇಲಿದ್ದ ನಂಬಿಕೆ ಅಂದೇ ಹೋಯಿತು. ವೀಣಾಳಿಂದ ನಂಬರು ತರಿಸಿಕೊಂಡು, ಪ್ರತಿ ದಶಮಿಗೂ ಔರಂಗಾಬಾದಿಗೆ ವೀಣಾಳ ತಾಯಿಗೆ ಫೋನ್ ಮಾಡಿ ಏಕಾದಶಿ ಯಾವತ್ತೆಂದು ಕೇಳುತ್ತಾಳೆ. ಉಡುಪಿ ಕಡೆಯವರು, ಶಾಸ್ತ್ರ ಬಲ್ಲವರು ಎಂದು. ಒಮ್ಮೆ ಬ್ಯಾಂಕಿನ ಕೆಲಸಕ್ಕೆ ಅಲ್ಲಿಗೆ ಹೋದಾಗ ಅವರ ಹೋಟೆಲಿಗೂ ಹೋದೆ. ನಿಮ್ಮಲ್ಲಿ ಯಾವ ಪಂಚಾಂಗ ಎಂದು ಆ ತಾಯಿಯನ್ನು ವಿನಯದಿಂದಲೇ ಕೇಳಿದೆ. ‘ನಮಗೆಂತ ಗೊತ್ತುಂಟು ಮಾರಾಯ್ರೇ’ ಎಂದರು, ‘ನಾರ್ವೆಗೆ ಫೋನ್ ಮಾಡಿ ಮಗಳ ಹತ್ರ ಕೇಳುವುದು. ಅವಳು ಯಾವುದೋ ಕಂಪ್ಯೂಟರಲ್ಲಿ ನೋಡಿ ಹೇಳ್ತಾಳೆ.’

ನಾಸಿಕ್ಕಿಗೆ ವಾಪಸು ಬಂದು ಚಪ್ಪಲಿ ಬಿಡುತ್ತಿದ್ದೆ. ಅವ್ವ ಆಗಷ್ಟೇ ಫೋನ್ ಇಟ್ಟಿದ್ದಳು. ನಾಳೆ ಏಕಾದಶಿಯಂತೆ, ಔರಂಗಾಬಾದಿನವರು ಹೇಳಿದರಂತೆ. ‘ತಿಳಿದವರು ಹೇಳ್ಯಾರ. ನಿನ್ನ ಡಬ್ಯಾಗೂ ತಿದ್ದಿ ಇಟ್ಕೋ’ ಎಂದಳು. ಆಗಲಿ ಎಂದು ಒಳಗೆ ಹೋಗಿ, ಅವಳಿಗೆ ಕೇಳುವ ಹಾಗೆ ಸ್ವಲ್ಪ ಹೊತ್ತು ಕೀಬೋರ್ಡು ಕುಟ್ಟಿದೆ.