ಲಾರಿಯ ಹೊಟ್ಟೆಯಡಿ ಕೆಂಡ

ಹೊಟ್ಟೆಪಾಡಿಗಾಗಿ ಏನೆಲ್ಲ ಕೆಲಸ ಮಾಡಿದ್ದೀರಿ ಎಂದು ಯಾರಾದರೂ ಕೇಳಿದರೆ ನಾನು ಮಾತು ತೇಲಿಸಿಬಿಡುತ್ತೇನೆ. ಏಕೆಂದರೆ ಒಂದು ಚಳಿಗಾಲದಲ್ಲಿ ಸುಮಾರು ಇಪ್ಪತ್ತು ದಿನ ನಾನು ದೆವ್ವವಾಗಿದ್ದೆ. ಸಂಬಳವಿರಲಿಲ್ಲ, ದಿನಕ್ಕೆ ಎರಡು ಜೋಳದ ರೊಟ್ಟಿ, ಒಂದಿಷ್ಟು ಬದನೆಕಾಯಿ ಪಲ್ಯ ಸಿಗುತ್ತಿತ್ತು. ನೆನೆದರೆ ಈಗ ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಗಜೇಂದ್ರಗಡದ ಹತ್ತಿ ಸಾವಕಾರರೊಬ್ಬರ ಅಂಗಡಿಯಲ್ಲಿ ಗುಮಾಸ್ತ. ಪೆಟ್ರೋಲ್ ಲಾರಿ ಮಾರಿ ಡೀಸೆಲ್ ಲಾರಿ ತನ್ನಿ ಎಂದು ಅವರ ತಲೆಯಲ್ಲಿ ತುಂಬಿದವನು ನಾನೇ. ಎಂಜಿನ್ನಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅದು ಮುಂದುಗಡೆ ಇರುತ್ತದೆ ಎಂಬುದಷ್ಟೇ. ಡೀಸೆಲ್ ಲಾರಿಗೆ ನನ್ನ ಹಾಗೆಯೇ ಚಳಿಗೆ ಏಳುವುದೆಂದರೆ ಜೀವ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೊದಲ ವರ್ಷ ನಮ್ಮ ಮಾನ ಕಾಪಾಡಿದವನು ಡ್ರೈವರ್ ಭೀಮಪ್ಪಜ್ಜ. ಬಾಯಲ್ಲಿ ಒಂದೂ ಹಲ್ಲಿಲ್ಲ, ತುಟಿಯ ಮೇಲೆ ಸದಾ ಒಂದು ಬೀಡಿ. ಬೆಳಗಿನ ಜಾವ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತಂದು ಎಂಜಿನ್ ಎಣ್ಣೆಯ ಚೇಂಬರಿನ ಕೆಳಗಿಟ್ಟು, ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂಡುತ್ತಿದ್ದ. ಎಣ್ಣೆ ಕಾಯ್ದ ಮೇಲೆ ಮುಂದುಗಡೆಯ ಹ್ಯಾಂಡಲ್ ಒಮ್ಮೆ ತಿರುವಿದರೆ ಸಾಕು, ಲಾರಿ ಗುಡುಗುತ್ತಿತ್ತು. ಮರುವರ್ಷ ಮಳೆಗಾಲದಲ್ಲಿ ಜ್ವರ ಬಂದು ಅಜ್ಜ ತೀರಿಕೊಂಡ.

ಹೊಸ ಡ್ರೈವರ್ ಬಸಣ್ಣ ಕೆಲಸಗಾರನೇ, ಆದರೆ ಭಕ್ತ. ಚಳಿ ಶುರುವಾದಾಗ ಕೆಂಡದ ಮಾತು ತೆಗೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. "ದಸರಾಕ್ಕ ಲಾರಿಗೆ ಖಂಡೇಪೂಜಿ ಮಾಡಿ ಕುಂಕುಮ ಹಚ್ಚೀನ್ರಿ. ತಾಯಿ ಹೊಟ್ಟಿಗೆ ಬೆಂಕಿ ಇಡು ಅಂತೀರೇನು?" ಎಂದ. ರೇಡಿಯೇಟರಿಗೆ ಬಿಸಿನೀರು ಹೊಯ್ದದ್ದಾಯಿತು, ಹಮಾಲರು ಗುಡ್ಡದ ಬುಡದ ಇಳಿಜಾರಿನಲ್ಲಿ ನೂಕಿದ್ದಾಯಿತು. ತಾಯಿ ಕಣ್ಣು ಬಿಡಲಿಲ್ಲ. ಹತ್ತಿ ತುಂಬಿದ ಅಂಡಿಗೆ ಚೀಲಗಳು ಎರಡು ಸಲ ಗದಗಿನ ಪೇಟೆಗೆ ತಡವಾಗಿ ಮುಟ್ಟಿದವು. ಸಾವಕಾರರು ನನ್ನನ್ನು ಕರೆದು, ಮೆತ್ತಗೇ, "ಗುಮಾಸ್ತರ, ಇನ್ನೊಮ್ಮೆ ಪ್ಯಾಟಿ ತಪ್ಪಿದ್ರ ಲಾರಿ ಜೋಡಿ ನೀವೂ ಹೊಂಡ್ರಿ" ಎಂದರು. ಮನೆಯಲ್ಲಿ ಆರು ತಿಂಗಳ ಕೂಸು.

ಮರುದಿನ ಜಾವದಲ್ಲೇ ಎದ್ದು, ಹಂಡೆಯ ಒಲೆಯ ಕೆಂಡವನ್ನು ಬುಟ್ಟಿಗೆ ತುಂಬಿಕೊಂಡು, ಕಂಬಳಿ ಮುಸುಕಿಕೊಂಡು ಹೋಗಿ ಲಾರಿಯಡಿ ಇಟ್ಟೆ. ಬಸಣ್ಣ ಬರುವ ಮೊದಲೇ ಬುಟ್ಟಿ ಎತ್ತಿಕೊಂಡು ಬಂದೆ. ಲಾರಿ ಒಂದೇ ಹ್ಯಾಂಡಲಿಗೆ ಹೊರಟಿತು. ನೆಲದ ಮೇಲೆ ಬಿದ್ದಿದ್ದ ಬೂದಿ ನೋಡಿದ ಬಸಣ್ಣ, ಭೀಮಪ್ಪಜ್ಜ ಬಂದು ಹೋಗಿದ್ದಾನೆ ಎಂದು ಊರಿಗೆಲ್ಲ ಹೇಳಿದ. ಸತ್ತವರು ಇಟ್ಟ ಬೆಂಕಿಗೆ ದೋಷವಿಲ್ಲವಂತೆ. ಅಂದಿನಿಂದ ಸಂಜೆಗೆ ಬಂಪರಿನ ಮೇಲೆ ರೊಟ್ಟಿ, ಪಲ್ಯ, ಒಂದು ಬೀಡಿ ಎಡೆ ಇಡತೊಡಗಿದ. ನಾನು ಬೀಡಿ ಮುಟ್ಟುವವನಲ್ಲ, ಅದನ್ನು ಅಲ್ಲೇ ಬಿಡುತ್ತಿದ್ದೆ. ರೊಟ್ಟಿಯನ್ನು ಬಿಡುವಷ್ಟು ವೈರಾಗ್ಯ ನನಗಿರಲಿಲ್ಲ.

ಹೀಗೆ ಇಪ್ಪತ್ತು ದಿನ. ಒಂದು ಬೆಳಿಗ್ಗೆ ನನಗೆ ಮೈ ಕೆಂಡದಂತೆ ಜ್ವರ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಕೆಲಸ ಹೋಯಿತು ಎಂದು ಎದ್ದು ಕೂತೆ. ಅಷ್ಟರಲ್ಲಿ ಬಸಣ್ಣ ಬಾಗಿಲಿಗೆ ಬಂದ. ಲಾರಿ ಒಂದೇ ಹ್ಯಾಂಡಲಿಗೆ ಶುರುವಾಗಿದೆ, ಅಂಡಿಗೆ ಹೇರುತ್ತಿದ್ದಾರೆ ಎಂದ. ಹೆಂಡತಿಯ ಮುಖ ನೋಡಿದೆ. ತಾನು ಹೊಸ್ತಿಲು ದಾಟಿಲ್ಲ ಎಂದು ತಲೆಯಾಡಿಸಿದಳು. ನನ್ನ ಬುಟ್ಟಿ ಹಂಡೆಯ ಪಕ್ಕದಲ್ಲಿ ತಣ್ಣಗೆ ಬಿದ್ದಿತ್ತು.

"ಅಜ್ಜ ಇವತ್ತ ರೊಟ್ಟಿ ಮುಟ್ಟಿಲ್ರಿ," ಎಂದ ಬಸಣ್ಣ. "ಬೀಡಿ ಅಷ್ಟ ಸೇದ್ಯಾನ." ನನ್ನ ಮುಖ ನೋಡಿದ. "ಅಲ್ರಿ, ಹಲ್ಲಿಲ್ಲದಾಂವ ಇಷ್ಟ ದಿನ ರೊಟ್ಟಿ ಹ್ಯಾಂಗ ತಿಂದ ಅಂತೀನಿ."

ನನಗೆ ಜ್ವರ ಇಳಿದು ಚಳಿ ಹತ್ತಿತು. ಆಮೇಲೆ ನಾನು ಜಾವದಲ್ಲಿ ಆ ಕಡೆ ಸುಳಿಯಲಿಲ್ಲ; ಲಾರಿ ಮಾತ್ರ ಚಳಿಗಾಲ ಮುಗಿಯುವವರೆಗೂ ಒಂದು ದಿನವೂ ತಪ್ಪಲಿಲ್ಲ. ಗುಮಾಸ್ತಿಕೆ ಉಳಿಯಿತು. ಮುಂದಿನ ಸಂಬಳದಲ್ಲಿ ಒಂದು ಕಟ್ಟು ಬೀಡಿ ತಂದು ಬಸಣ್ಣನ ಕೈಗಿತ್ತೆ. ಇದನ್ನೆಲ್ಲ ನೀವೂ ನಂಬುತ್ತೀರಾ ಎಂದು ಕೇಳಿದ. ಓದಿದವನು ನಾನು, ಛೇ, ಇಲ್ಲ ಎಂದೆ. ಅಜ್ಜನಿಗೆ ದಿನಕ್ಕೆ ಎರಡು ಇಡು ಎಂದೂ ಹೇಳಿದೆ.