ದೊಡ್ಡಪ್ಪ ಕಳಿಸಿದ ಸಮಾಧಾನ

ಜಗತ್ತಿನ ಸಮಸ್ತರನ್ನೂ ಪ್ರೀತಿಸುವ ಮನುಷ್ಯನನ್ನು ನೀವು ಇನ್ನೂ ನೋಡಿಲ್ಲವೆಂದರೆ ದಾವಣಗೆರೆಯ ಸರಸ್ವತಿ ನಗರಕ್ಕೆ ಬನ್ನಿ, ನಮ್ಮ ದೊಡ್ಡಪ್ಪನನ್ನು ತೋರಿಸುತ್ತೇನೆ. ಷರತ್ತು ಒಂದೇ: ಆ ಸಮಸ್ತರು ಹಾಡಿನೊಳಗೇ ಇರಬೇಕು. ಎದ್ದು ಬಂದು ಎದುರಿಗೆ ಕೂತು ಚಹಾ ಕೇಳಿದರೋ, ಪ್ರೀತಿ ಅಲ್ಲಿಗೆ ಮುಗಿಯಿತು!

ದೊಡ್ಡಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಮ್ಮ ಚರ್ಚಿನ ಭಾನುವಾರದ ಆರಾಧನೆಗೆ ಹೊಸ ಹಾಡು ಬರೆಯುವುದು ಅವರ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ, ಅವರೇ ತೆಗೆದುಕೊಂಡದ್ದು. ಹಳೆಯ ಕೀರ್ತನೆಗಳಲ್ಲಿ ಸ್ವರ್ಗದ ವರ್ಣನೆಯೇ ಜಾಸ್ತಿ, ಭೂಮಿಯ ನ್ಯಾಯದ ಸುದ್ದಿಯೇ ಇಲ್ಲ ಎಂಬುದು ಅವರ ದೂರು. ದೂರು ಸರಿಯಾದದ್ದೇ. ಆದರೆ ಪರಿಹಾರ ನೋಡಿ! ಜೀವನವಿಡೀ ಸುತ್ತೋಲೆ ಬರೆದ ಕೈ ಅದು. ಅವರ ಮೊದಲ ನ್ಯಾಯಗೀತೆಯ ಪಲ್ಲವಿ ಹೀಗಿದೆ:

ಜಾತಿ ಭಾಷೆ ಲಿಂಗ ವಯಸ್ಸು ಇತ್ಯಾದಿ ಭೇದವಿಲ್ಲದೆ
ಬನ್ನಿರೆಲ್ಲ ಬನ್ನಿರಿ, ನಮಗೆ ಮೇಜು ಒಂದೇ!

‘ಇತ್ಯಾದಿ’ಗೆ ರಾಗ ಹಾಕಿದ ಕವಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ದೊಡ್ಡಪ್ಪ ರಾಗ ಹಾಕಿ ಸುಮ್ಮನಾಗಲಿಲ್ಲ. ಆ ‘ದಿ’ ಮೇಲೆ ನಾಲ್ಕು ಸುತ್ತು ಆಲಾಪವನ್ನೂ ಇಟ್ಟರು.

ಮೊದಲು ಆ ಹಾಡಿಗೆ ಐದೇ ಚರಣ ಇದ್ದವು. ರೈತರಿಗೊಂದು, ನೇಕಾರರಿಗೊಂದು, ಹೀಗೆ. ಮೊದಲ ಭಾನುವಾರವೇ ಬಾಗಿಲಲ್ಲಿ ಒಬ್ಬರು ಅಡ್ಡ ನಿಂತರು. “ಸಾರ್, ರೈತ್ರು ಬಂದ್ರು, ನೇಕಾರ್ರು ಬಂದ್ರು. ಮಂಡಕ್ಕಿ ಭಟ್ಟಿಯವ್ರು ಎಲ್ರಿ?” ಮುಂದಿನ ವಾರ ಭಟ್ಟಿಯ ಹೊಗೆಯ ಮೇಲೊಂದು ಚರಣ ಬಂತು. ಅದರ ಮುಂದಿನ ವಾರ ಗುತ್ತೂರಿನ ಕಾರ್ಖಾನೆಯವರೊಬ್ಬರು ಬಂದರು. “ಕಾಯಂ ನೌಕರ್ರಷ್ಟೇ ಅದಾರಲ್ರಿ ಇದ್ರಾಗೆ, ಕಂತ್ರಾಟ್‌ನವ್ರು ಮನುಷ್ಯರಲ್ವಾ?” ಅವರಿಗೂ ತಿದ್ದುಪಡಿ ಹೊರಟಿತು. ವರ್ಷ ತುಂಬುವಷ್ಟರಲ್ಲಿ ಹತ್ತೊಂಬತ್ತು ಚರಣ! ಹತ್ತನೆಯದಕ್ಕೆ ಹಿರಿಯರು ಕೂತುಬಿಡುತ್ತಿದ್ದರು, ಹದಿಮೂರಕ್ಕೆ ಮಕ್ಕಳು ಮಲಗುತ್ತಿದ್ದರು. ಹದಿನಾರರ ಹೊತ್ತಿಗೆ ಹೆಂಗಸರ ಕಿವಿಯಲ್ಲಿ ಮನೆಯ ಕುಕ್ಕರ್ ಕೂಗುತ್ತಿತ್ತು.

ಹಾಡಿದವರೇನು ಕಮ್ಮಿಯೇ? ‘ಮೇಜು ಒಂದೇ’ ಎಂದು ಕೊರಳೆತ್ತಿ ಹಾಡುತ್ತಲೇ ಮುಂದಿನ ಬೆಂಚಿನ ಆಂಟಿ ಪಕ್ಕದ ಜಾಗದಲ್ಲಿ ತಮ್ಮ ಕೈಚೀಲ ಕೂರಿಸಿರುತ್ತಿದ್ದರು. ಒಮ್ಮೆ ಮಾಯಕೊಂಡದಿಂದ ಹೊಸದಾಗಿ ಬಂದ ಹೆಂಗಸೊಬ್ಬರು ಬಗ್ಗಿ ಕೇಳಿದರು, “ಇಲ್ಲಿ ಜಾಗ ಐತೇನ್ರಿ?” ಆಂಟಿ ಹಾಡು ನಿಲ್ಲಿಸಲಿಲ್ಲ, ತಾಳವನ್ನೂ ತಪ್ಪಿಸಲಿಲ್ಲ. “ಬರೋರ್ ಅದಾರ್ರೀ” ಎಂದು ಅದೇ ರಾಗದಲ್ಲಿ ಹಾಡಿ ಮುಂದಿನ ಸಾಲಿಗೆ ಹೋದರು. ನ್ಯಾಯವಾಗಿ ನೋಡಿದರೆ ಅದೇ ಇಪ್ಪತ್ತನೆಯ ಚರಣ.

ಇನ್ನು ಹಾರ್ಮೋನಿಯಂ ನುಡಿಸುವವರು ನಮ್ಮ ಚಿಕ್ಕಪ್ಪ, ದೊಡ್ಡಪ್ಪನ ಕಿರಿಯ ತಮ್ಮ. ನಡುವಿನವನು ನಮ್ಮಪ್ಪ. ಅವನು ಜಾಣ, ಹಾಡುವವರ ಹತ್ತಿರವೇ ಸುಳಿಯುವುದಿಲ್ಲ. ಆರು ವರ್ಷಗಳ ಹಿಂದೆ ಒಂದು ಭಾನುವಾರ ಚಿಕ್ಕಪ್ಪನಿಗೆ ಏನಾಯಿತೋ, ‘ಇತ್ಯಾದಿ’ಯ ಆಲಾಪವನ್ನು ಹಾರಿಸಿ ನೇರ ಮುಂದಿನ ಸಾಲಿಗೆ ಇಳಿದುಬಿಟ್ಟರು. ಇಡೀ ಸಭೆ ಸಂತೋಷದಿಂದ ಅವರ ಬೆನ್ನು ಹತ್ತಿತು. ದೊಡ್ಡಪ್ಪ ಒಬ್ಬರೇ ‘ದಿ’ಯ ಮೇಲೆ ನಿಂತು ಉಳಿದರು!

ಆರಾಧನೆ ಮುಗಿದದ್ದೇ ಅಂಗಳದಲ್ಲಿ ಶುರುವಾಯಿತು.

“ನೀ ಬಿಟ್ಟಿದ್ದು ಒಂದ್ ಪದ ಅಲ್ಲಲೇ! ಹಾಡಿನಾಗೆ ಹೆಸರಿಲ್ಲದ ಮಂದಿ ಎಲ್ಲಾ ಅದ್ರಾಗೆ ಅದಾರೆ. ಅಷ್ಟೂ ಜನಾನ ಹೊರಗೆ ಹಾಕ್ದಿ ನೀನು!”

“ಅಣ್ಣಾ, ಆ ಮಂದಿಗೂ ಮನೆಗೆ ಹೋಗಿ ಊಟ ಮಾಡೋದಿರ್ತೈತೆ.”

ಅಷ್ಟೇ. ಅಂದಿನಿಂದ ಮಾತು ಬಂದ್. ಆದರೆ ಹಾಡು ಬಂದ್ ಆಗಲಿಲ್ಲ! ಇಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ದೊಡ್ಡಪ್ಪನ ಪದ ಈ ಮನೆಯಿಂದ ಆ ಮನೆಗೆ ಹೋಗಬೇಕು, ಚಿಕ್ಕಪ್ಪನ ರಾಗ ಆ ಮನೆಯಿಂದ ಈ ಮನೆಗೆ ಬರಬೇಕು. ಹೊತ್ತವನು ನಾನು. ಕಾಲೇಜಿನಲ್ಲಿ ಮೇಷ್ಟ್ರುಗಳ ದನಿ ತೆಗೆದು ಹೆಸರು, ಬೈಗುಳ ಎರಡನ್ನೂ ಸಂಪಾದಿಸಿದವನಿಗೆ ಇದಕ್ಕಿಂತ ಒಳ್ಳೆಯ ನೌಕರಿ ಸಿಕ್ಕೀತೇ? ಬರೀ ಸುದ್ದಿ ಒಯ್ಯುತ್ತಿರಲಿಲ್ಲ ನಾನು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಎರಡು ಸಲ ಗಂಟಲು ಕೆರೆದು, ಪೂರ್ತಿ ದೊಡ್ಡಪ್ಪನನ್ನೇ ಚಿಕ್ಕಪ್ಪನ ಪಡಸಾಲೆಯಲ್ಲಿ ತಂದು ನಿಲ್ಲಿಸುತ್ತಿದ್ದೆ.

ಒಮ್ಮೆ ದೊಡ್ಡಪ್ಪ ‘ಹಗೆಯ ಮನೆಯ ಕದವ ತಟ್ಟು’ ಎಂದು ಹಾಡು ಬರೆದರು. ನಾನೇ ಅದನ್ನು ಎರಡು ಸಲ ಓದಿದೆ. ಹಾಳೆ ಮಡಚಿ ಕೈಗಿಟ್ಟು ಹೇಳಿದರು: “ಅವನ ಮನೆಗೆ ಒಯ್ದು ಕೊಡು. ಕದ ತಟ್ಟಬ್ಯಾಡ. ಕಿಟಕಿಯಾಗೆ ಹಾಕಿ ಬಾ.”

ಪ್ರಭುಭೋಜನದ ಭಾನುವಾರಗಳದ್ದೇ ಬೇರೆ ಕಥೆ. ರೊಟ್ಟಿ ಮುಟ್ಟುವ ಮೊದಲು ಪ್ರತಿಯೊಬ್ಬರೂ ಅಕ್ಕಪಕ್ಕದವರ ಕೈ ಹಿಡಿದು “ಸಮಾಧಾನವಿರಲಿ” ಎನ್ನಬೇಕು, ಮುನಿಸು ಇಟ್ಟುಕೊಂಡು ರೊಟ್ಟಿ ತಿನ್ನುವಂತಿಲ್ಲ. ಇದು ನಮ್ಮಲ್ಲಿಯ ಪದ್ಧತಿ. ದೊಡ್ಡಪ್ಪ ಪದ್ಧತಿ ಮುರಿಯುವ ಆಸಾಮಿಯಲ್ಲ. ನನ್ನ ಕೈ ಹಿಡಿದು ಎರಡು ಸಲ ಅಲ್ಲಾಡಿಸುತ್ತಿದ್ದರು.

“ಒಂದು ನಿಂಗೆ. ಇನ್ನೊಂದು ಆ ಪೆಟ್ಟಿಗೆಯವನಿಗೆ ಮುಟ್ಟಿಸು.”

ನಾನು ಸಮಾಧಾನವನ್ನು ಅಂಗೈಯಲ್ಲಿ ಹಿಡಿದು ಹಾರ್ಮೋನಿಯಂ ಹತ್ತಿರ ಹೋಗುತ್ತಿದ್ದೆ. ಚಿಕ್ಕಪ್ಪ ತಲೆ ಎತ್ತದೆ, “ಮುಟ್ಟೈತೆ ಅನ್ನು” ಎನ್ನುತ್ತಿದ್ದರು. ಕಚೇರಿಯ ಟಪಾಲಿಗೆ ಸಹಿ ಹಾಕಿದ ಹಾಗೆ! ಪಾದ್ರಿಗಳು ಇದನ್ನು ಕಂಡು ಮೂರು ವಾರ ಬಿಡದೆ ಅಣ್ಣತಮ್ಮಂದಿರ ಒಗ್ಗಟ್ಟಿನ ಬಗ್ಗೆಯೇ ಪ್ರಸಂಗ ಮಾಡಿದರು. ಮೂರನೆಯ ವಾರ ದೊಡ್ಡಪ್ಪ ನನ್ನ ಕಿವಿಯಲ್ಲಿ, “ಅವನಿಗೆ ಚೆನ್ನಾಗಿ ತಾಗ್ತು ನೋಡು” ಎಂದರು. ಐದು ನಿಮಿಷದಲ್ಲಿ ಚಿಕ್ಕಪ್ಪನೂ ಬಂದು ಅದನ್ನೇ ಹೇಳಿದರು.

ಹೀಗೆ ಆರು ವರ್ಷ ಸಾಗಿದ ಬಂಡಿ ಈ ವರ್ಷ ನಿಂತಿತು. ದಾವಣಗೆರೆಯವರೂ ಹರಿಹರದವರೂ ಕೂಡಿ ಹರಿಹರದ ಚರ್ಚಿನಲ್ಲಿ ಆರಾಧನೆ ಮಾಡುವುದೆಂದೂ ದೊಡ್ಡಪ್ಪನ ಹೊಸ ಹಾಡು ಹಾಡುವುದೆಂದೂ ಗೊತ್ತಾಯಿತು. ನಾನು ಎಂದಿನಂತೆ ಹಾಳೆ ಒಯ್ದೆ. ಚಿಕ್ಕಪ್ಪ ಮುಟ್ಟಲೇ ಇಲ್ಲ.

“ಚೀಟಿಗೆ ಬರೋದು ಸಾಕಾಗೈತೆ ನಂಗೆ. ಬಾಯಿ ಬಿಟ್ಟು ಕರೀಲಿ, ಬರ್ತೀನಿ. ಕರೀಲಿಲ್ಲ ಅಂದ್ರೆ ಹರಿಹರದಾಗೂ ನುಡಿಸಲ್ಲ, ಇನ್ಮೇಲೆ ನಮ್ಮ ಚರ್ಚಿನಾಗೂ ನುಡಿಸಲ್ಲ.”

ತಮಾಷೆಯ ದನಿಯಲ್ಲ ಅದು. ಯಥಾವತ್ತಾಗಿ ತಲುಪಿಸಿದೆ. ದೊಡ್ಡಪ್ಪ ನಡುಗೋಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ, “ಪೆಟ್ಟಿಗೆ ಈಗ ಫೋನಿನಾಗೂ ಬರ್ತೈತೆ. ಹಾಕ್ಕೊಡು” ಎಂದರು. ಹಾಕಿಕೊಟ್ಟೆ. ಪುಕ್ಕಟೆ ಆ್ಯಪ್.

ಹರಿಹರದಲ್ಲಿ ಜನ ತುಂಬಿದ್ದರು. ವೇದಿಕೆಯ ಮೂಲೆಯಲ್ಲಿ ಅಲ್ಲಿಯವರ ಹಾರ್ಮೋನಿಯಂ ಸುಮ್ಮನೆ ಕೂತಿತ್ತು. ದೊಡ್ಡಪ್ಪ ಫೋನನ್ನು ಮೈಕಿಗೆ ಹಿಡಿದು ಹಾಡು ಎತ್ತಿಕೊಂಡರು. ಮೊದಲ ಚರಣ ಚೆನ್ನಾಗಿಯೇ ಹೋಯಿತು. ಎರಡನೆಯದು ಮುಗಿದು, ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು ನಿಂತಿರುವಾಗ ಫೋನಿನಿಂದ ಹೆಣ್ಣು ದನಿ ಕೇಳಿತು: “ನಿಮ್ಮ ತಲೆಗೂದಲು ಉದುರುತ್ತಿದೆಯೇ?” ಪುಕ್ಕಟೆ ಆ್ಯಪಿನ ಜಾಹೀರಾತು! ಟ್ಯೂಬ್‌ಲೈಟಿನ ಕೆಳಗೆ ದೊಡ್ಡಪ್ಪನ ಬೋಳುತಲೆ ಹೊಳೆಯಿತು. ಹರಿಹರದವರಿಗೆ ಹಾಡು ಹೊಸದು. ಇದೂ ಒಂದು ಚರಣವೆಂದು ತಿಳಿದ ಅಜ್ಜಿಯೊಬ್ಬರು ಭಕ್ತಿಯಿಂದ “ಆಮೆನ್” ಎಂದರು.

ನಾನು ಕೊನೆಯ ಬೆಂಚಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದೆ. ಪಕ್ಕದಲ್ಲಿ, ವೇದಿಕೆಗೆ ಕಾಣದ ಹಾಗೆ ಗೋಡೆಯ ಕಡೆಗೆ, ಕರೆಯದಿದ್ದರೂ ಬಂದ ಚಿಕ್ಕಪ್ಪ ಕೂತಿದ್ದರು. ಅವರು ನಗುತ್ತಿರಲಿಲ್ಲ.

“ನಗಬ್ಯಾಡ. ಅವನಿಗೆ ನಿಲ್ಸಾಕೆ ಆಗ್ತಿಲ್ಲ ನೋಡು.”

ನೋಡಿದೆ. ಜಾಹೀರಾತು ನಿಲ್ಲಿಸಲು ಹೋದ ಬೆರಳು ಫೋನಿನ ಮೇಲೆ ಎಲ್ಲೆಲ್ಲೋ ಬೀಳುತ್ತಿತ್ತು. ಆಗ ನನ್ನ ನಗು ಒಳಕ್ಕೆ ಹೋಯಿತು, ಅದರ ಜಾಗಕ್ಕೆ ಇನ್ನೇನೋ ಬಂತು. ಎರಡು ವರ್ಷದ ಹಿಂದೆ ದೊಡ್ಡಪ್ಪ ಒಂದು ಮಾತು ಕಳಿಸಿದ್ದರು: “ರಾತ್ರಿ ಎಲ್ಲ ಕೆಮ್ತಾನೆ, ಗೋಡೆ ದಾಟಿ ಕೇಳ್ತೈತೆ. ಡಾಕ್ಟ್ರಿಗೆ ತೋರಿಸ್ಕೊ ಅನ್ನು. ನಂಗೆ ನಿದ್ದಿ ಬರ್ತಿಲ್ಲ.” ನಾನು ಹೋಗಿ ಕನ್ನಡಕ ಇಳಿಸಿ, ಗಂಟಲು ಕೆರೆದು, “ನಿನ್ನ ಕೆಮ್ಮು ತಾಳಕ್ಕೆ ಕೂರ್ತಿಲ್ಲ ಅಂತೆ” ಎಂದಿದ್ದೆ. ಮನೆಮಂದಿಯೆಲ್ಲ ನಕ್ಕರು. ಚಿಕ್ಕಪ್ಪನೂ ನಕ್ಕರು, ಆದರೆ ಬೇಗ ಎದ್ದು ಒಳಗೆ ಹೋದರು. ಇಂಥವು ಇನ್ನೆಷ್ಟೋ! ಪ್ರೀತಿ ಹಾಡುವವರನ್ನೆಲ್ಲ ಆಡಿಕೊಂಡು ನಕ್ಕವನು ನಾನು. ದಾರಿಯಲ್ಲಿ ಪ್ರೀತಿಯನ್ನು ಬಿಚ್ಚಿ ತೆಗೆದು, ಬರೀ ಚುಚ್ಚುಮಾತನ್ನು ತಲುಪಿಸುತ್ತಿದ್ದವನೂ ನಾನೇ.

“ಚಿಕ್ಕಪ್ಪಾ, ಆ ಕೆಮ್ಮಿನ ಮಾತು ಇತ್ತಲ್ಲ, ಅವ್ರು ಹಂಗೆ ಹೇಳಿರ್ಲಿಲ್ಲ” ಎಂದೆ. ದೊಡ್ಡಪ್ಪ ನಿಜವಾಗಿ ಹೇಳಿದ್ದು ಏನೆಂದು ಪೂರ್ತಿ ಒಪ್ಪಿಸಿದೆ.

ಚಿಕ್ಕಪ್ಪ ನನ್ನನ್ನು ಒಂದು ಸಲ ನೋಡಿದರು. ಹೊಡೆದಿದ್ದರೆ ಚೆನ್ನಾಗಿತ್ತು. ಎದ್ದು ನನ್ನ ಮೊಣಕಾಲು ದಾಟಿ, ಗೋಡೆ ಬಿಟ್ಟು, ನಡುವಿನ ಹಾದಿಯ ಅಂಚಿಗೆ ಬಂದು ಕೂತರು. ಅಲ್ಲಿ ಕೂತವರು ವೇದಿಕೆಗೆ ಕಾಣುತ್ತಾರೆ.

ದೊಡ್ಡಪ್ಪ ತಮ್ಮನನ್ನು ಕಂಡರು. ಫೋನನ್ನು ಜೇಬಿಗೆ ಹಾಕಿದರು. ಎರಡು ಊರಿನ ಸಭೆ ಕಾಯುತ್ತಿತ್ತು. ಮೈಕ್ ಬಾಯಿಯ ಮುಂದೆಯೇ ಇತ್ತು.

“ಲೋ,” ಎಂದರು. ಸ್ವಲ್ಪ ತಡೆದು, “ಬಾರೋ” ಎಂದರು.

ಚಿಕ್ಕಪ್ಪ ಎದ್ದು ನಡೆದರು. ಹೋದದ್ದು ಹಾರ್ಮೋನಿಯಂ ಹತ್ತಿರಕ್ಕಲ್ಲ, ನೇರ ಅಣ್ಣನ ಹತ್ತಿರಕ್ಕೆ. ಕೆಳದನಿಯಲ್ಲಿ ಕೇಳಿದ್ದು ಮೈಕಿನಿಂದಾಗಿ ಎಲ್ಲರಿಗೂ ಕೇಳಿತು.

“ಬಿಪಿ ಮಾತ್ರೆ ತಗೊಂಡಿಯಾ?”

“ಮರೆತೆ ಕಣೋ.”

ಚಿಕ್ಕಪ್ಪ ತಮ್ಮ ಜೇಬಿನಿಂದ ಮಾತ್ರೆ ತೆಗೆದು ಕೊಟ್ಟರು. ಇಬ್ಬರದೂ ಒಂದೇ ಕಾಯಿಲೆ, ಒಂದೇ ಮಾತ್ರೆ. ಪಾದ್ರಿಗಳು ತಮ್ಮ ಲೋಟದ ನೀರು ಮುಂದೆ ಚಾಚಿದರು. ದೊಡ್ಡಪ್ಪ ನುಂಗಿದರು. ಆಮೇಲೆ ಚಿಕ್ಕಪ್ಪ ಪೆಟ್ಟಿಗೆಯ ಮುಂದೆ ಕೂತು ತಿದಿ ಎಳೆದರು.

“ಎಲ್ಲಿಂದ ಎತ್ಕೊಳ್ಳಲಿ?”

ಒಂದು ಅಕ್ಷರವನ್ನೂ ಯಾರಿಗೂ ಬಿಟ್ಟುಕೊಡದ ನಮ್ಮ ದೊಡ್ಡಪ್ಪ ಕಣ್ಣೊರೆಸಿಕೊಂಡು ಹೇಳಿದರು:

“ನೀ ಎಲ್ಲಿಂದ ಎತ್ಕೊಂಡ್ರೂ ಬರ್ತೀನಿ.”